ಎರಡಾಣೆ ಕೂಡಿಟ್ಟ ಊರು

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಐದು ಸಾವಿರ ರೂಪಾಯಿ ಬಂಡವಾಳದ ಬ್ಯಾಂಕೊಂದು ಬಾಗಿಲು ತೆರೆಯಿತು. ಮೊದಲ ದಿನ ಲೆಕ್ಕ ಮುಗಿಸಿದಾಗ ಕೂಡಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಯವಾದ ಸಂಸ್ಥೆಯ ಮೊದಲ ಪುಟ ಇದು.

ಅದನ್ನು ಕಟ್ಟಿದವರು ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಸ್ವದೇಶಿಯ ಗಾಳಿ ಬೀಸುತ್ತಿದ್ದ ಕಾಲ. ಜಾತಿ ಮತ ನೋಡದೆ ಎಲ್ಲರೂ ಉಳಿತಾಯ ಕಲಿಯಬೇಕು, ಒಬ್ಬರಿಗೊಬ್ಬರು ಒದಗಬೇಕು ಎಂಬುದು ಅವರ ಆಸೆ. ಬಡ್ಡಿ ವ್ಯವಹಾರದವರ ಬಾಗಿಲು ಬಿಟ್ಟರೆ ಸಾಮಾನ್ಯರಿಗೆ ಸಾಲ ಹುಟ್ಟದಿದ್ದ ದಿನಗಳಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಕೃಷ್ಣಮಠದ ಊರಿನಲ್ಲಿ ಮುಸ್ಲಿಂ ವರ್ತಕರೊಬ್ಬರು ಎಲ್ಲರ ಬ್ಯಾಂಕು ಕಟ್ಟಿದರು ಎಂಬುದನ್ನು ಉಡುಪಿಯ ಪ್ರತಿ ಶಾಲೆಯ ಮಕ್ಕಳಿಗೂ ಹೇಳಬೇಕು. ಆಸ್ಪತ್ರೆಗೆಂದು ಅವರು ಕೊಟ್ಟ ಜಾಗದಲ್ಲಿ ಇಂದಿಗೂ ತಾಯಿ ಮಕ್ಕಳ ಆರೈಕೆ ನಡೆಯುತ್ತಿದೆ.

ಹತ್ತೊಂಬತ್ತು ವರ್ಷಗಳ ಬಳಿಕ ಕರಾವಳಿಯ ಕೈಮಗ್ಗಗಳು ಕಂಗೆಟ್ಟವು. ನೇಕಾರರ ಮನೆಗಳಲ್ಲಿ ನೂಲಿಗೂ ದುಡ್ಡಿರಲಿಲ್ಲ. ಆಗ ಜವಳಿ ವ್ಯಾಪಾರದ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಟಿ.ಎಂ.ಎ. ಪೈ ಸೇರಿ, 1925ರಲ್ಲಿ, ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಊರವರ ಪುಡಿಗಾಸನ್ನು ಒಟ್ಟುಗೂಡಿಸಿ, ಅದನ್ನೇ ಊರಿನ ನೇಕಾರರಿಗೆ ಸಾಲವಾಗಿ ಕೊಡುವುದು ಅವರ ಯೋಚನೆ.

ಪುಡಿಗಾಸು ಬ್ಯಾಂಕಿಗೆ ತಾನಾಗಿ ನಡೆದು ಬರುವುದಿಲ್ಲ. ಅದಕ್ಕೆಂದೇ 1928ರಲ್ಲಿ ಪಿಗ್ಮಿ ಎಂಬ ಠೇವಣಿ ಬಂತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು, ಏಜೆಂಟ್ ಮನೆ ಬಾಗಿಲಿಗೆ ಬಂದು ಹಣ ಪಡೆದು ಬರೆದುಕೊಂಡು ಹೋಗುತ್ತಿದ್ದ. ಅವನ ಸಂಪಾದನೆ ಕಮಿಷನ್ ಮಾತ್ರ, ಆದ್ದರಿಂದ ಒಂದು ಮನೆಯನ್ನೂ ಬಿಡುವಂತಿರಲಿಲ್ಲ.

ಕರಾವಳಿಯ ಊರುಗಳ ಬದುಕಿಗೆ ಪಿಗ್ಮಿ ಒಗ್ಗಿದ್ದು ಏಕೆಂದು ತಿಳಿಯಲು ಮಳೆಗಾಲವನ್ನು ನೆನೆದರೆ ಸಾಕು. ಆಟಿ ತಿಂಗಳಲ್ಲಿ ಕಾಪುವಿನ ಮೀನುಗಾರರು ಕಡಲಿಗಿಳಿಯುವಂತಿಲ್ಲ. ಕಾರ್ಕಳದ ಗದ್ದೆಯವರಿಗೆ ಹಳೆಯ ಅಕ್ಕಿ ತಳ ಕಂಡು ಹೊಸ ಪೈರು ಇನ್ನೂ ಹಸಿರಾಗಿರುವ ಹೊತ್ತು. ಮೊದಲೇ ಕಟ್ಟಿಟ್ಟದ್ದು ಆಗ ಕೈಹಿಡಿಯಬೇಕು. ಬುಟ್ಟಿ ಹೊತ್ತು ಮೀನು ಮಾರುವ ಮೊಗವೀರ ಹೆಂಗಸಿನ ಕೈಗೆ ದಿನದಿನವೂ ರೊಕ್ಕ ಬರುತ್ತದೆ, ದಿನದಿನವೂ ಕರಗುತ್ತದೆ. ಅವಳಂಥವಳಿಗೆ ತಿಂಗಳ ಸಂಬಳದವರ ಉಳಿತಾಯ ಖಾತೆಗಿಂತ ದಿನದ ಪಿಗ್ಮಿಯೇ ಹೊಂದುತ್ತಿತ್ತು. ಮನೆಮನೆ ತಿರುಗುವ ಏಜೆಂಟನಿಗೆ ಯಾರ ಮನೆಯಲ್ಲಿ ಮದುವೆ, ಯಾರಲ್ಲಿ ಕಾಯಿಲೆ ಎಂಬುದೆಲ್ಲ ತಿಳಿಯುತ್ತಿತ್ತು. ಅಡಮಾನವಾಗಿ ಇಡಲು ಏನೂ ಇಲ್ಲದವರಿಗೆ ಈ ಪರಿಚಯವೇ ಒಂದು ಬಲ.

ಟಿ.ಎಂ.ಎ. ಪೈ ಅಲ್ಲಿಗೇ ನಿಲ್ಲಲಿಲ್ಲ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜು, 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1960ರಲ್ಲಿ ಕಾರ್ಕಳದ ಭುವನೇಂದ್ರ ಕಾಲೇಜು. ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಬದಲಿಸಿಕೊಂಡ ಬ್ಯಾಂಕಿನ ಕೇಂದ್ರ ಕಚೇರಿಯೂ ಮಣಿಪಾಲಕ್ಕೆ ಬಂತು.

1969ರಲ್ಲಿ ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ರಾಷ್ಟ್ರೀಕರಣಗೊಂಡವು. 2020ರ ಏಪ್ರಿಲ್ 1ರಂದು, ಒಂದೇ ದಿನ, ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಉಡುಪಿಯಲ್ಲಿ ಹುಟ್ಟಿದ ಎರಡೂ ಹೆಸರುಗಳು ಬೋರ್ಡುಗಳಿಂದ ಇಳಿದವು. ಊರಿನವರು ನೊಂದದ್ದು ಸಹಜವೇ.

ಹಾಜಿ ಅಬ್ದುಲ್ಲಾ ಅವರ ಹಳೆಯ ಮನೆ ನಾಣ್ಯಗಳ ವಸ್ತುಸಂಗ್ರಹಾಲಯವಾಗಿ ಉಳಿದಿರುವುದು ಸಮಾಧಾನದ ವಿಷಯ. ಆದರೆ ಸ್ಥಾಪಕರ ಭಾವಚಿತ್ರಗಳ ಜೊತೆಗೆ ಇನ್ನೊಂದು ಸಂಗ್ರಹವೂ ಬೇಕಾಗಿದೆ. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಪಿಗ್ಮಿ ಕಾರ್ಡು, ಪಾಸ್‌ಬುಕ್ಕುಗಳೇನಾದರೂ ಉಳಿದಿದ್ದರೆ ಗೆದ್ದಲಿಗೆ ಬಿಡದೆ ಹೊರತೆಗೆಯಬೇಕು. ನೇಕಾರನೊಬ್ಬ, ಮೀನು ಮಾರುವವಳೊಬ್ಬಳು ಯಾವ ತಿಂಗಳು ಕಟ್ಟಿದರು, ಯಾವ ತಿಂಗಳು ಕಟ್ಟಲಾಗಲಿಲ್ಲ ಎಂಬ ಲೆಕ್ಕ ಅವುಗಳಲ್ಲಲ್ಲದೆ ಬೇರೆಲ್ಲೂ ಸಿಗಲಾರದು. ಮಣಿಪಾಲ, ಉಡುಪಿಯ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಚ್ಚಲಿ, ಪಿಗ್ಮಿ ಕಟ್ಟಿದವರನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ.