ಕೋಟೆಯ ಕಿಂಡಿ: ಗಣಕಯಂತ್ರದ ಚಾಲಕ ತಂತ್ರಾಂಶಗಳ ಒಂದು ಚರಿತ್ರೆ

(ಗಾಲ್ವೇಯ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಗಾಲ್ವೇ ಎಂದೊಡನೆ ನಮ್ಮ ನೆನಪಿಗೆ ಬರುವುದು ಕೊರಿಬ್ ನದಿ, ಅಟ್ಲಾಂಟಿಕ್ ಕಡಲ ಗಾಳಿ ಮತ್ತು ಬೇಸಗೆಯ ಕುದುರೆ ಪಂದ್ಯಗಳು. ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಈ ಊರಿಗೆ ಒಂದು ಅಧ್ಯಾಯವಿದೆ ಎಂಬುದು ಈಚೆಗೆ ಬಂದು ನೆಲಸಿದ ನಮ್ಮವರಲ್ಲಿ ಅನೇಕರಿಗೆ ತಿಳಿದಿರಲಾರದು. ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ 1971ರಲ್ಲಿ ಇಲ್ಲಿ ಕಾರ್ಖಾನೆ ತೆರೆಯಿತು. ಪಿಡಿಪಿ-11 ಮತ್ತು ಮುಂದೆ ವ್ಯಾಕ್ಸ್ ಎಂಬ ಹೆಸರಿನ ಯಂತ್ರಗಳು ಇಲ್ಲಿಂದ ಯೂರೋಪಿಗೆ ಹೋದವು. 1993ರ ಫೆಬ್ರುವರಿಯಲ್ಲಿ ಯಂತ್ರ ತಯಾರಿಕೆಯನ್ನು ನಿಲ್ಲಿಸುವ ನಿರ್ಧಾರ ಹೊರಬಿದ್ದಾಗ ಸುಮಾರು 780 ಮಂದಿಯ ಕೆಲಸಕ್ಕೆ ಕುತ್ತು ಬಂತು. ಊರಿಗೆ ಅದು ದೊಡ್ಡ ಪೆಟ್ಟು. ತಂತ್ರಾಂಶ ವಿಭಾಗ ಮಾತ್ರ ಉಳಿದುಕೊಂಡು, 1998ರಲ್ಲಿ ಕಾಂಪ್ಯಾಕ್ ಕಂಪನಿಗೂ 2002ರಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ಗೂ ಸೇರಿತು.

1977ರಲ್ಲಿ ಬಂದ ಆ ವ್ಯಾಕ್ಸ್ ಯಂತ್ರದ ಒಂದು ಗುಣ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಅದರಲ್ಲಿ ಅಧಿಕಾರದ ನಾಲ್ಕು ಹಂತಗಳಿದ್ದವು. ತೀರ ಹೊರಗೆ ಸಾಮಾನ್ಯ ಬಳಕೆದಾರರ ಕಾರ್ಯಕ್ರಮಗಳು, ತೀರ ಒಳಗೆ ಕರ್ನಲ್ ಎಂಬ ತಿರುಳು. ಹೊರಗಿನ ಕಾರ್ಯಕ್ರಮ ಒಳಗಿನ ನೆನಪಿನ ಕೋಶಗಳನ್ನು ಮುಟ್ಟಲು ಹೋದರೆ ಯಂತ್ರವೇ ಅದನ್ನು ತಡೆಯುತ್ತಿತ್ತು. ಇದಕ್ಕೂ ಹಿಂದೆ ಮಲ್ಟಿಕ್ಸ್ ಎಂಬ ವ್ಯವಸ್ಥೆ ಎಂಟು ಸುತ್ತುಗಳನ್ನು ಹೊಂದಿತ್ತು. ನಮ್ಮ ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕಂಡವರಿಗೆ ಇದರ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಂದು ಸುತ್ತು ಬಿದ್ದರೂ ಇನ್ನೊಂದು ನಿಲ್ಲಬೇಕು, ಬಾಗಿಲುಗಳು ಕಡಮೆ ಇರಬೇಕು, ಪ್ರತಿ ಬಾಗಿಲಿಗೂ ಕಾವಲಿರಬೇಕು.

ವ್ಯಾಕ್ಸ್‌ಗಾಗಿ ರಚಿಸಿದ ವಿಎಂಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮುಂದಿನ ಕಥೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. 2009ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಅದರ ಅಭಿವೃದ್ಧಿಯ ಕೆಲಸವನ್ನು ಅಮೆರಿಕದಿಂದ ಬೆಂಗಳೂರಿಗೆ ವರ್ಗಾಯಿಸಿತು. ಗಾಲ್ವೇಯಲ್ಲಿ ಒಂದು ಕಾಲಕ್ಕೆ ಜೋಡಣೆಯಾಗುತ್ತಿದ್ದ ಯಂತ್ರಗಳ ಆತ್ಮವನ್ನು ಕೆಲವು ವರ್ಷ ಕಾಪಾಡಿದ್ದು ನಮ್ಮ ಊರಿನ ಎಂಜಿನಿಯರುಗಳು. ವಿಎಂಎಸ್‌ನ ಮುಖ್ಯ ಶಿಲ್ಪಿಗಳಲ್ಲೊಬ್ಬರಾದ ಡೇವ್ ಕಟ್ಲರ್ ಅಷ್ಟರಲ್ಲಾಗಲೇ ಬೇರೆ ದಾರಿ ಹಿಡಿದಿದ್ದರು. 1988ರಲ್ಲಿ ಅವರು ಮೈಕ್ರೋಸಾಫ್ಟ್ ಸೇರಿದರು. ಇಲ್ಲಿನ ಯಂತ್ರ ತಯಾರಿಕೆ ಕೊನೆಗಂಡ 1993ರಲ್ಲಿಯೇ, ಜುಲೈ ತಿಂಗಳಲ್ಲಿ, ಅವರ ನೇತೃತ್ವದಲ್ಲಿ ಸಿದ್ಧವಾದ ವಿಂಡೋಸ್ ಎನ್‌ಟಿ ಬಿಡುಗಡೆಯಾಯಿತು. ನಮ್ಮ ಮನೆಗಳಲ್ಲಿರುವ ವಿಂಡೋಸ್ ಯಂತ್ರಗಳೆಲ್ಲ ಇಂದಿಗೂ ಅದರ ವಂಶದವೇ. ಆದರೆ ಎನ್‌ಟಿಯಲ್ಲಿ ನಾಲ್ಕು ಹಂತಗಳು ಎರಡಕ್ಕೆ ಇಳಿದವು. ಎರಡೇ ಹಂತಗಳಿರುವ ಬೇರೆ ಬೇರೆ ಪ್ರೊಸೆಸರ್‌ಗಳ ಮೇಲೂ ಅದು ನಡೆಯಬೇಕಾಗಿದ್ದುದು ಇದಕ್ಕೆ ಕಾರಣ. ಒಂದೇ ಗೋಡೆ. ಹೊರಗೆ ಪ್ರಜೆಗಳು, ಒಳಗೆ ಅರಸು, ಮತ್ತು ಅರಸಿನ ಜತೆಗೇ, ಅರಸಿಗಿರುವಷ್ಟೇ ಅಧಿಕಾರದೊಡನೆ, ಡ್ರೈವರ್‌ಗಳು.

ಡ್ರೈವರ್ ಎಂದರೆ ನಮಗೆ ಮೊದಲು ಹೊಳೆಯುವುದು ಕೆಎಸ್‌ಆರ್‌ಟಿಸಿ ಬಸ್ಸಿನ ಚಾಲಕ. ಇಲ್ಲಿ ಅದರ ಅರ್ಥ, ಮುದ್ರಣಯಂತ್ರ, ಪರದೆ, ಫ್ಯಾನು ಮೊದಲಾದ ಯಂತ್ರಾಂಶದೊಡನೆ ವ್ಯವಹರಿಸುವ ಕಿರು ತಂತ್ರಾಂಶ. ಯಂತ್ರಾಂಶವನ್ನು ನೇರ ಮುಟ್ಟಬೇಕಾದುದರಿಂದ ಅದು ಗೋಡೆಯ ಒಳಗೇ ವಾಸಿಸಬೇಕು.

ತೊಡಕು ಹುಟ್ಟಿದ್ದು ಇಲ್ಲಿ. ಡಾಸ್ ಮತ್ತು ವಿಂಡೋಸ್ 95ರ ಕಾಲದಲ್ಲಿ ಯಾವ ಕಾರ್ಯಕ್ರಮವಾದರೂ ಯಂತ್ರದ ಪೋರ್ಟುಗಳನ್ನು ನೇರವಾಗಿ ಓದಿ ಬರೆಯಬಹುದಿತ್ತು. ಹವ್ಯಾಸಿಗಳು ಶಾಖ ಅಳೆಯಲು, ಫ್ಯಾನಿನ ವೇಗ ಬದಲಿಸಲು, ಪ್ರೊಸೆಸರನ್ನು ಹೆಚ್ಚು ವೇಗದಲ್ಲಿ ಓಡಿಸಲು ನೂರಾರು ಉಪಯುಕ್ತ ಯುಟಿಲಿಟಿಗಳನ್ನು ಬರೆದರು. ಎನ್‌ಟಿಯಲ್ಲಿ ಅದು ನಿಷಿದ್ಧವಾಯಿತು. 1996ರಲ್ಲಿ ಡಾ. ಡಾಬ್ಸ್ ಜರ್ನಲ್ ಎಂಬ ಅಮೆರಿಕದ ಪತ್ರಿಕೆಯಲ್ಲಿ ಗಿವ್‌ಐಓ ಎಂಬ ಪುಟ್ಟ ಡ್ರೈವರ್ ಪ್ರಕಟವಾಯಿತು. ಸಾಮಾನ್ಯ ಕಾರ್ಯಕ್ರಮಗಳಿಗೂ ಪೋರ್ಟುಗಳನ್ನು ಮುಟ್ಟುವ ಅವಕಾಶ ಕೊಡುವುದೇ ಅದರ ಕೆಲಸ. ಸದುದ್ದೇಶದ, ಚತುರವಾದ ಬರೆಹವದು. ಗೋಡೆಯಲ್ಲಿ ತೆರೆದ ಮೊದಮೊದಲ ಕಿಂಡಿಗಳಲ್ಲಿ ಒಂದೂ ಹೌದು. ಅನಂತರ ಜಪಾನಿನ ತಂತ್ರಜ್ಞರೊಬ್ಬರು ವಿನ್‌ರಿಂಗ್0 ಎಂಬ ಇನ್ನೂ ಸಮರ್ಥವಾದ ಡ್ರೈವರನ್ನು ಎಲ್ಲರ ಉಪಯೋಗಕ್ಕೆಂದು ಕೊಟ್ಟರು, ಎಷ್ಟೋ ಯುಟಿಲಿಟಿಗಳು ಅದನ್ನು ತಮ್ಮೊಳಗೆ ಸೇರಿಸಿಕೊಂಡವು. ತಾಯಿಹಲಗೆ ತಯಾರಿಸುವ ದೊಡ್ಡ ಕಂಪನಿಗಳೂ ಇದೇ ಮಾದರಿಯ ತಮ್ಮ ತಮ್ಮ ಡ್ರೈವರ್‌ಗಳನ್ನು ರಚಿಸಿ, ಮಾರಾಟದ ಪೆಟ್ಟಿಗೆಯೊಡನೆ ಹಂಚಿದವು.

ದುರ್ಗದ ಜನ ಹೇಳುವ ಕಥೆಯನ್ನು ಈಗ ನೆನೆಯಬಹುದು. ಹೈದರಾಲಿಯ ದಂಡು ಮುತ್ತಿಗೆ ಹಾಕಿದ್ದಾಗ, ಮೊಸರು ಮಾರುವ ಹೆಂಗಸೊಬ್ಬಳು ಬಂಡೆಗಳ ನಡುವಣ ಕಿಂಡಿಯಲ್ಲಿ ನುಸುಳಿ ಕೋಟೆಯೊಳಗೆ ಹೋಗುವುದನ್ನು ಶತ್ರುಗಳು ಕಂಡರಂತೆ. ಮೊಸರಿನವಳದು ದ್ರೋಹವಲ್ಲ, ದಿನನಿತ್ಯದ ಅನುಕೂಲ. ಆದರೆ ಅವಳು ಹಾಯುವ ಕಿಂಡಿಯಲ್ಲಿ ಸೈನಿಕನೂ ಹಾಯಬಲ್ಲ. ಈ ಡ್ರೈವರ್‌ಗಳ ದೋಷವೂ ಇಂಥದ್ದೇ. ತನಗೆ ಆಜ್ಞೆ ಕೊಡುತ್ತಿರುವುದು ತನ್ನದೇ ಯುಟಿಲಿಟಿಯೋ ಬೇರೆ ಯಾರೋ ಎಂದು ಅವು ವಿಚಾರಿಸುವುದಿಲ್ಲ. ಇಂಥ ವಿಳಾಸದ ನೆನಪನ್ನು ಓದು, ಇಲ್ಲಿ ಈ ಅಂಕಿಯನ್ನು ಬರೆ ಎಂದು ಯಾರು ಕೇಳಿದರೂ ಮಾಡಿಕೊಡುತ್ತವೆ. ಪ್ರತಿ ಕಾರ್ಯಕ್ರಮದ ಅಧಿಕಾರವೆಷ್ಟು ಎಂಬುದು ಕರ್ನಲ್‌ನ ನೆನಪಿನಲ್ಲಿಯೇ ಒಂದು ದಾಖಲೆಯಾಗಿ ಇರುತ್ತದೆ. ಅದನ್ನು ತಿದ್ದಿಬಿಟ್ಟರೆ ಸಾಮಾನ್ಯ ಬಳಕೆದಾರನ ಕಾರ್ಯಕ್ರಮ ಕ್ಷಣಮಾತ್ರದಲ್ಲಿ ಇಡೀ ಯಂತ್ರದ ಒಡೆಯನಾಗುತ್ತದೆ. ತಜ್ಞರು ಇದನ್ನು ಅಧಿಕಾರದ ಮೇಲೇರಿಕೆ ಎನ್ನುತ್ತಾರೆ.

ಮೈಕ್ರೋಸಾಫ್ಟ್ ಸುಮ್ಮನೆ ಕುಳಿತಿರಲಿಲ್ಲ. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದ 64-ಬಿಟ್ ರೂಪದಲ್ಲಿ, ಅಂಕೀಯ ಸಹಿಯಿಲ್ಲದ ಡ್ರೈವರ್ ಒಳಬರದಂತೆ ಕಟ್ಟು ಮಾಡಿತು. 2016ರಲ್ಲಿ ನಿಯಮವನ್ನು ಇನ್ನಷ್ಟು ಬಿಗಿಮಾಡಿ, ಹೊಸ ಡ್ರೈವರ್‌ಗಳಿಗೆಲ್ಲ ತನ್ನದೇ ಸಹಿ ಬೇಕೆಂದಿತು, ಆದರೆ ಹಳೆಯ ಸಹಿಗಳಿಗೆ ರಿಯಾಯಿತಿ ಉಳಿಸಿತು. ಸಹಿ ಹೇಳುವುದು ಇಷ್ಟೇ: ಈ ತಂತ್ರಾಂಶ ಇಂಥ ಕಂಪನಿಯದು, ನಡುವೆ ಯಾರೂ ಇದನ್ನು ತಿದ್ದಿಲ್ಲ. ಅದು ಸುರಕ್ಷಿತವೆಂದು ಸಹಿ ಹೇಳುವುದಿಲ್ಲ. ಈ ಎರಡನ್ನೂ ಒಂದೆಂದು ಜಗತ್ತು ಬಹುಕಾಲ ನಂಬಿತು. ಈ ಚರಿತ್ರೆಯ ಮೂಲದೋಷ ಅದೇ ಎಂಬುದು ನಮ್ಮ ಅಭಿಪ್ರಾಯ.

ಗಿಗಾಬೈಟ್ ಕಂಪನಿಯ ಪ್ರಕರಣವನ್ನು ನೋಡೋಣ. ಅದರ ಒಂದು ಡ್ರೈವರ್‌ನ ದೋಷಗಳು 2018ರಲ್ಲಿ ಬಹಿರಂಗವಾದವು. ತನ್ನ ಉತ್ಪನ್ನಗಳಿಗೆ ಇದು ಸಂಬಂಧಿಸಿಲ್ಲವೆಂದು ಮೊದಲು ಹೇಳಿದ ಕಂಪನಿ ಆಮೇಲೆ ಆ ಡ್ರೈವರನ್ನು ಕೈಬಿಟ್ಟಿತು. ಸಹಿ ಮಾತ್ರ ಊರ್ಜಿತವಾಗಿಯೇ ಉಳಿಯಿತು. 2020ರ ಫೆಬ್ರುವರಿಯಲ್ಲಿ ಸೋಫೋಸ್ ಸಂಸ್ಥೆ ಪ್ರಕಟಿಸಿದಂತೆ, ರಾಬಿನ್‌ಹುಡ್ ಎಂಬ ಸುಲಿಗೆ ತಂತ್ರಾಂಶದವರು ಅದೇ ಡ್ರೈವರನ್ನು ತಾವೇ ಹೊತ್ತು ತಂದು, ಬಲಿಯಾದವರ ಯಂತ್ರದಲ್ಲಿ ನೆಟ್ಟು, ಅದರ ಮೂಲಕ ವೈರಸ್ ನಿರೋಧಕವನ್ನು ಕೊಂದು, ಬಳಿಕ ಕಡತಗಳನ್ನು ಬೀಗ ಹಾಕಿದರು. ಆ ಯಂತ್ರ ಗಿಗಾಬೈಟ್ ಕಂಪನಿಯದೇ ಆಗಿರಬೇಕೆಂಬ ನಿಯಮವಿರಲಿಲ್ಲ. ಹೀಗೆ ಹೊಸದಾಗಿ ಡ್ರೈವರ್ ನೆಡಲು ಯಂತ್ರದ ಆಡಳಿತಾಧಿಕಾರ ಮೊದಲೇ ಬೇಕು, ನಿಜ. ಆದರೆ ಮನೆಯ ಯಂತ್ರದಲ್ಲಿ ಯುಟಿಲಿಟಿಯೊಡನೆ ಅದು ಮೊದಲೇ ಬಂದು ಕುಳಿತಿದ್ದರೆ ಅಷ್ಟು ಶ್ರಮವೂ ಬೇಕಾಗುವುದಿಲ್ಲ.

ಮಕ್ಕಳು ಆಡುವ ಯಂತ್ರಗಳಲ್ಲಿ ಪ್ರಸಿದ್ಧವಾದ ಎಂಎಸ್‌ಐ ಆಫ್ಟರ್‌ಬರ್ನರ್‌ನ ಡ್ರೈವರನ್ನು ಬ್ಲ್ಯಾಕ್‌ಬೈಟ್ ಎಂಬ ತಂಡ 2022ರಲ್ಲಿ ಹೀಗೆಯೇ ಬಳಸಿತು. ಸ್ಟ್ರೀಟ್ ಫೈಟರ್ 5 ಆಟದ 2016ರ ಒಂದು ಪರಿಷ್ಕರಣೆಯೊಡನೆ ಬಂದ ಡ್ರೈವರ್ ಅಂತೂ ಯಾರ ಆಜ್ಞೆಯನ್ನಾದರೂ ಕರ್ನಲ್ ಒಳಗೆ ನಡೆಸಿಕೊಡುವಷ್ಟು ಉದಾರವಾಗಿತ್ತು. 2019ರ ಆಗಸ್ಟಿನಲ್ಲಿ ಎಕ್ಲಿಪ್ಸಿಯಂ ಸಂಸ್ಥೆಯ ಸಂಶೋಧಕರು ಕನಿಷ್ಠ 20 ತಯಾರಕರ 40ಕ್ಕೂ ಹೆಚ್ಚು ಡ್ರೈವರ್‌ಗಳಲ್ಲಿ ಇಂಥ ದೋಷವನ್ನು ತೋರಿಸಿದಾಗ, ಇದು ಒಬ್ಬಿಬ್ಬರ ಅಜಾಗರೂಕತೆಯಲ್ಲ, ಇಡೀ ಉದ್ಯಮದ ಅಭ್ಯಾಸ ಎಂಬುದು ಸ್ಪಷ್ಟವಾಯಿತು.

ಇದೆಲ್ಲ ತಜ್ಞರ ತಲೆನೋವು, ನಮಗೇಕೆ ಎಂದು ಕೇಳಬಹುದು. ನಮ್ಮ ಕುಟುಂಬಗಳಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವವರಿದ್ದಾರೆ. 2021ರ ಮೇ 14ರ ಬೆಳಗನ್ನು ಅವರು ಮರೆತಿರಲಾರರು. ಅಂದು ಐರ್ಲೆಂಡಿನ ಆರೋಗ್ಯ ಸೇವೆ, ಎಚ್‌ಎಸ್‌ಇ, ತನ್ನ ಗಣಕ ವ್ಯವಸ್ಥೆಯನ್ನೆಲ್ಲ ತಾನೇ ಆರಿಸಬೇಕಾಯಿತು. ವೈದ್ಯರೂ ದಾದಿಯರೂ ಕಾಗದ ಮತ್ತು ಲೇಖನಿಗೆ ಮರಳಿದರು. ಇದನ್ನು ಡ್ರೈವರ್‌ಗಳ ಪ್ರಕರಣವೆಂದು ನಾವು ಹೇಳುತ್ತಿಲ್ಲ. ಆದರೆ ಮೆಟ್ಟಿಲುಗಳು ಅವೇ. ಮಾರ್ಚ್ 18ರಂದು ಸಿಬ್ಬಂದಿಯ ಒಂದೇ ಒಂದು ಯಂತ್ರದಲ್ಲಿ ಮಿಂಚಂಚೆಯೊಡನೆ ಬಂದ ಎಕ್ಸೆಲ್ ಕಡತವೊಂದು ತೆರೆಯಿತು. ಅಲ್ಲಿಂದ ಎಂಟು ವಾರ ಆಕ್ರಮಣಕಾರರು ಅಧಿಕಾರದ ಮೇಲೆ ಅಧಿಕಾರವನ್ನು ಗಳಿಸುತ್ತ ಸಾಗಿದರು. ಮಾರ್ಚ್ 31ರಂದೇ ಆ ಯಂತ್ರದ ವೈರಸ್ ನಿರೋಧಕ ಅವರ ಸಲಕರಣೆಗಳನ್ನು ಗುರುತಿಸಿತ್ತು, ಆದರೆ ನೋಡುವುದಕ್ಕಷ್ಟೇ ಅದಕ್ಕೆ ಅಪ್ಪಣೆಯಿತ್ತು, ತಡೆಯುವುದಕ್ಕಿರಲಿಲ್ಲ. ಸರ್ಕಾರ ಹಣ ಕೊಡಲು ಒಪ್ಪಲಿಲ್ಲ. ಆಕ್ರಮಣಕಾರರೇ ಕೆಲವು ದಿನಗಳಲ್ಲಿ ಬೀಗದ ಕೈ ಕೊಟ್ಟರೂ, ಸರ್ವರ್‌ಗಳೆಲ್ಲ ಸರಿಯಾಗಲು ಸೆಪ್ಟೆಂಬರ್ ತಿಂಗಳಾಯಿತು. ಕಾವಲುಗಾರನನ್ನೇ ಕೊಲ್ಲಬಲ್ಲ ಡ್ರೈವರ್ ಇಂಥವರ ಕೈಯಲ್ಲಿದ್ದರೆ ಎಂಟು ವಾರಗಳೂ ಬೇಡ.

ದೋಷವುಳ್ಳ ಡ್ರೈವರ್‌ಗಳ ತಡೆಪಟ್ಟಿಯೊಂದನ್ನು ಮೈಕ್ರೋಸಾಫ್ಟ್ ಇಟ್ಟಿದೆ. ವಿಂಡೋಸ್ 10 ಯಂತ್ರಗಳಲ್ಲಿ ಆ ಪಟ್ಟಿ ವರ್ಷಗಟ್ಟಲೆ ನವೀಕರಣಗೊಂಡೇ ಇರಲಿಲ್ಲವೆಂಬುದು 2022ರಲ್ಲಿ ಬಯಲಾಯಿತು. ಆ ವರ್ಷದ ವಿಂಡೋಸ್ 11 ಪರಿಷ್ಕರಣೆಯಿಂದ ಮುಂದೆ ತಡೆಪಟ್ಟಿ ತಾನಾಗಿಯೇ ಜಾರಿಯಲ್ಲಿರುತ್ತದೆ. ಮಕ್ಕಳ ಯಂತ್ರದಲ್ಲಿ ಆಟದ ವೇಗಕ್ಕಾಗಿ ಯಾರಾದರೂ ಅದನ್ನು ಆರಿಸಿದ್ದಾರೆಯೇ ಎಂದು ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಷನ್ ಪುಟದಲ್ಲಿ ಹಿರಿಯರು ಒಮ್ಮೆ ನೋಡುವುದು ಒಳಿತು.

2025ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ನಾವು ಆಗಲೇ ಹೇಳಿದ ವಿನ್‌ರಿಂಗ್0 ಡ್ರೈವರನ್ನು ಅಪಾಯಕಾರಿಯೆಂದು ಹಿಡಿಯತೊಡಗಿತು. ಅದನ್ನು ನೆಚ್ಚಿದ್ದ ಫ್ಯಾನು ನಿಯಂತ್ರಕಗಳು ಕೆಟ್ಟವು, ಜನ ಗೊಣಗಿದರು. ಬಿಡುವಿನ ವೇಳೆಯಲ್ಲಿ ಉಚಿತ ಯುಟಿಲಿಟಿ ಬರೆಯುವವರಿಗೆ ಹೊಸ ಡ್ರೈವರ್ ರಚಿಸಿ ಸಹಿ ಪಡೆಯುವ ವೆಚ್ಚ ಕೈಗೆಟುಕುವಂಥದ್ದಲ್ಲ. ಅವರ ಬಗ್ಗೆ ನಮಗೆ ಸಹಾನುಭೂತಿಯಿದೆ. ಲಕ್ಷಾಂತರ ಯಂತ್ರ ಮಾರುವ ಕಂಪನಿಗಳಿಗೆ ಆ ಸಬೂಬು ಸಲ್ಲದು. ಡೆಲ್ ಕಂಪನಿ 2009ರಿಂದ ಹಂಚುತ್ತ ಬಂದ ಒಂದು ಡ್ರೈವರ್‌ನ ದೋಷ ಬಹಿರಂಗವಾದದ್ದು 12 ವರ್ಷಗಳ ಮೇಲೆ, 2021ರ ಮೇ ತಿಂಗಳಲ್ಲಿ. ಆಗಲೂ ಹೊಸ ಆವೃತ್ತಿಯನ್ನು ಹಾಕಿಕೊಂಡರೆ ಸಾಲುತ್ತಿರಲಿಲ್ಲ. ಹಳೆಯದು ತಾತ್ಕಾಲಿಕ ಕಡತಗಳ ನಡುವೆ ಹಾಗೆಯೇ ಉಳಿದಿರುತ್ತಿತ್ತು, ಅದನ್ನು ಹುಡುಕಿ ಅಳಿಸಲು ಡೆಲ್ ಬೇರೊಂದು ಉಪಕರಣವನ್ನೇ ಒದಗಿಸಬೇಕಾಯಿತು.