ಆರ್ದೇಷಿನ ಹಳ್ಳಿಯಿಂದ ನಮ್ಮ ಸೀಮೆಗೆ

ದೇವಾಲಯದ ಶತಮಾನೋತ್ಸವದಲ್ಲಿ ಚರಿತ್ರೆ ಬರೆಯಹೊರಟವರು ಸಾಮಾನ್ಯವಾಗಿ ಅಸ್ತಿಭಾರದ ಕಲ್ಲಿನಿಂದಲೇ ಆರಂಭಿಸುವುದು ವಾಡಿಕೆ. ನಾವು ಅದಕ್ಕಿಂತಲೂ ಹಿಂದಕ್ಕೆ ಹೋಗಬಯಸುತ್ತೇವೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕ್ರೈಸ್ತರು 'ನಿಮ್ಮದು ನಿನ್ನೆ ಮೊನ್ನೆ ಬಂದ ಮತ' ಎಂಬ ಮಾತನ್ನು ಕೇಳಬೇಕಾಗಿ ಬರುವುದುಂಟು. ಅದಕ್ಕೆ ಉತ್ತರ ಕೊಡುವಷ್ಟು ಚರಿತ್ರೆಯಾದರೂ ನಮ್ಮ ಮಕ್ಕಳಿಗೆ ತಿಳಿದಿರಬೇಡವೇ?

ಫ್ರಾನ್ಸ್ ದೇಶದ ಆಗ್ನೇಯದಲ್ಲಿ, ರೋನ್ ನದಿಯ ಪಶ್ಚಿಮ ದಡದ ಗುಡ್ಡಗಾಡಿನಲ್ಲಿ ಆರ್ದೇಷ್ ಎಂಬ ಜಿಲ್ಲೆಯಿದೆ. ವಿವರೈ ಎಂಬ ಪುರಾತನ ಸೀಮೆಯೇ 1790ರಲ್ಲಿ, ಮಹಾಕ್ರಾಂತಿಯ ಕಾಲದಲ್ಲಿ, ಅಲ್ಲಿ ಹರಿಯುವ ಹೊಳೆಯ ಹೆಸರನ್ನು ಹೊತ್ತು ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರ ಪ್ರಿವಾ ಒಂದು ಚಿಕ್ಕ ಪಟ್ಟಣ. ಧರ್ಮಾಧ್ಯಕ್ಷರ ಪ್ರಾಚೀನ ಪೀಠ ಮತ್ತು ಪ್ರಧಾನಾಲಯಗಳಿರುವುದು ಅದಕ್ಕಿಂತಲೂ ಚಿಕ್ಕದಾದ ವಿವಿಯೇ ಊರಿನಲ್ಲಿ. ನಮಗೆ ಇದು ಅಪರಿಚಿತವಾಗಿ ಕಾಣಲಾರದು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ನಮ್ಮ ಜಿಲ್ಲೆಯಲ್ಲಿಯೂ ಕಚೇರಿಗಳು ಮಂಡ್ಯದಲ್ಲಿವೆ. ರಾಜಧಾನಿಯಾಗಿ ಮೆರೆದ ಶ್ರೀರಂಗಪಟ್ಟಣವು ಒಂದು ತಾಲ್ಲೂಕು ಕೇಂದ್ರ ಮಾತ್ರ. ಆರ್ದೇಷಿನವರು ಬಹುಕಾಲ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿ ಬಾಳಿದವರು. ಮಳವಳ್ಳಿಯ ಕಡೆಯ ಒಕ್ಕಲು ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಜಿಲ್ಲೆಯ ಸೇಂಟ್ ರೆಮೇಜ್ ಎಂಬ ಹಳ್ಳಿಯವರೇ ಅಬ್ಬೆ ದುಬುವಾ ಸ್ವಾಮಿಗಳು. ಫ್ರೆಂಚರಲ್ಲಿ 'ಅಬ್ಬೆ' ಎಂದರೆ ಗುರು. ನಮ್ಮ ಹಳಗನ್ನಡದಲ್ಲಿ ತಾಯಿ! ಈ ಸ್ವಾಮಿಗಳ ಮಟ್ಟಿಗೆ ಎರಡು ಅರ್ಥವೂ ಸಲ್ಲುತ್ತದೆಂದು ನಮ್ಮ ಭಾವನೆ. 1792ರಲ್ಲಿ ಗುರುದೀಕ್ಷೆ ಪಡೆದ ಅವರು, ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಅದೇ ವರ್ಷ ಭಾರತಕ್ಕೆ ಹೊರಟರು.

ಅವರು ಬಂದಾಗ ಈ ನೆಲಕ್ಕೆ ಶುಭಸಂದೇಶವು ಹೊಸದಾಗಿರಲಿಲ್ಲ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿಯೇ ಇಟಲಿಯ ಯೇಸುಸಭೆಯ ಗುರು ಲೆಯೊನಾರ್ದೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಬುನಾದಿ ಹಾಕಿ, ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶ ರಚಿಸಿದ್ದರು. 1773ರಲ್ಲಿ ಯೇಸುಸಭೆಯೇ ರದ್ದಾದ ಮೇಲೆ ಮಂದೆಗೆ ಕುರುಬರಿಲ್ಲದಂತಾಯಿತು. ಅನಂತರ ಯುದ್ಧಗಳ ಕಾಲ. 1784ರಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದರು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಕಾಳಗವಾಯಿತು. ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಆ ಬಳಿಕವೇ ದುಬುವಾ ಸ್ವಾಮಿಗಳು ಇಲ್ಲಿಗೆ ಬಂದು, ಚದುರಿದ್ದವರನ್ನೂ ಬಲವಂತದಿಂದ ವಿಶ್ವಾಸ ತೊರೆದಿದ್ದವರನ್ನೂ ಧರ್ಮಸಭೆಯ ಮಡಿಲಿಗೆ ಮರಳಿ ಸೇರಿಸತೊಡಗಿದರು. ಹೈದರ್ ಮತ್ತು ಟಿಪ್ಪುವಿನ ಊಳಿಗದಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಯು 'ಫ್ರೆಂಚ್ ರಾಕ್ಸ್' ಎನಿಸಿಕೊಂಡಿತ್ತು; ಇಂದು ಅದು ಪಾಂಡವಪುರ. ಸೈನಿಕರ ಹೆಸರು ಅಳಿಸಿಹೋಯಿತು. ಸ್ವಾಮಿಗಳ ಹೆಸರಿನೊಡನೆ ಗಂಜಾಂನ ದೇವಾಲಯ ಇಂದಿಗೂ ನಿಂತಿದೆ.

ಸ್ವಾಮಿಗಳು ಈ ನಾಡಿನ ಉಡುಪು ಧರಿಸಿ, ಇಲ್ಲಿಯ ಆಚಾರಗಳಿಗೆ ಹೊಂದಿಕೊಂಡು ಬಾಳಿದರು. ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬು ಮನೆಮನೆಯನ್ನೂ ಬರಿದುಮಾಡುತ್ತಿದ್ದ ದಿನಗಳವು. ಜೆನ್ನರ್ ಮಹಾಶಯನು ದೇವಿ ಹಾಕುವ ಕ್ರಮವನ್ನು ಲೋಕಕ್ಕೆ ತಿಳಿಸಿ ಆಗಿನ್ನೂ ಐದಾರು ವರ್ಷಗಳಾಗಿದ್ದವಷ್ಟೆ. 1803-04ರಲ್ಲಿ ಸ್ವಾಮಿಗಳ ಪ್ರಯತ್ನದಿಂದ 25,432 ಮಂದಿಗೆ ದೇವಿ ಹಾಕಲಾಯಿತೆಂದು ದಾಖಲೆಯಿದೆ. ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನೂ ಅವರು ಸ್ಥಾಪಿಸಿದರು.

ಇಷ್ಟೆಲ್ಲ ಬರೆದು, ಅಹಿತಕರವಾದುದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥದ ಬಹುಭಾಗವು ಯೇಸುಸಭೆಯ ಕೆರ್ದೂ ಎಂಬ ಹಿರಿಯ ಗುರುಗಳ ಬರಹವನ್ನು ಆಧರಿಸಿದ್ದೆಂದು ಸಂಶೋಧಕರು 1980ರ ದಶಕದಲ್ಲಿ ತೋರಿಸಿಕೊಟ್ಟರು. ಅದಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ಮತ್ತೊಂದು ಸಂಗತಿ. ಮೂವತ್ತು ವರ್ಷಗಳ ಸೇವೆಯ ನಂತರ 1823ರಲ್ಲಿ ಭಾರತವನ್ನು ಬಿಟ್ಟ ಸ್ವಾಮಿಗಳು, ಈ ದೇಶದಲ್ಲಿ ಕ್ರೈಸ್ತಧರ್ಮವು ಬೇರೂರುವ ಕಾಲ ಕಳೆದುಹೋಯಿತೆಂದು ಪತ್ರರೂಪದ ಪುಸ್ತಕದಲ್ಲಿ ಪ್ರಕಟಿಸಿಯೇ ಬಿಟ್ಟರು. ಆ ಪತ್ರಗಳಲ್ಲಿ ಸೋತುಹೋದ ಮನುಷ್ಯನ ದನಿಯಿದೆ. ಅವರದು ಅವಿಶ್ವಾಸವೆಂದು ನಾವು ಹೇಳಲಾರೆವು. ವರ್ಷಾನುಗಟ್ಟಲೆ ಉತ್ತು ಬಿತ್ತಿದವನಿಗೆ ಮಳೆ ತಪ್ಪಿದಾಗ ಬರುವ ದಣಿವು ಅದು. ಆದರೆ ಎಣಿಸುವಾಗ ಅವರು ಹೊಸದಾಗಿ ಜ್ಞಾನಸ್ನಾನ ಪಡೆದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. ತಾವೇ ಮರಳಿ ಕರೆತಂದ ಮನೆಗಳು, ದೇವಿ ಹಾಕಿಸಿಕೊಂಡು ಬದುಕಿ ಉಳಿದ ಹಸುಳೆಗಳು ಆ ಲೆಕ್ಕದಲ್ಲಿ ಸೇರಲಿಲ್ಲ.

ಪ್ಯಾರಿಸ್ಸಿನ ಗುರುಮಠದಲ್ಲಿ ಹಿರಿಯರಾಗಿದ್ದು, 1848ರಲ್ಲಿ ಅವರು ದೈವಾಧೀನರಾದರು. ಈ ಸೀಮೆಯನ್ನು ಮತ್ತೆ ನೋಡಲಿಲ್ಲ. ಎರಡೇ ವರ್ಷಗಳಲ್ಲಿ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು. 1940ರಲ್ಲಿ ಬೆಂಗಳೂರು ಬೇರೆಯಾದ ಮೇಲೆ ಮೈಸೂರಿನ ಪೀಠವನ್ನೇರಿದ ಪೂಜ್ಯ ರೆನೆ ಫ್ಯೂಗಾ ಅವರೂ ಅದೇ ಪ್ಯಾರಿಸ್ ಮಿಷನ್ನಿನ ಗುರುಗಳೇ.