ಕ್ವಾಸ್ ಭರಣಿಗೆ ಸಕ್ಕರೆ ಬಂದದ್ದು ಎಲ್ಲಿಂದ?

ಶಾಲಾದಿನಗಳಲ್ಲಿ ಓದಿದ ರಷ್ಯನ್ ಕಥೆಗಳ ಅನುವಾದಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಿದ್ದ ಒಂದು ಪದ ‘ಕ್ವಾಸ್’. ಹುಲ್ಲು ಕೊಯ್ದು ದಣಿದು ಬಂದ ರೈತ ಅದನ್ನು ಗಟಗಟನೆ ಕುಡಿಯುತ್ತಿದ್ದ. ಜಮೀನ್ದಾರನ ಊಟದ ಮೇಜಿನ ಮೇಲೂ ಅದರ ಹೂಜಿ ಇರುತ್ತಿತ್ತು. ಪುಟದ ಕೆಳಗೆ ‘ಒಂದು ಬಗೆಯ ಹುಳಿ ಪಾನೀಯ’ ಎಂಬ ಟಿಪ್ಪಣಿ, ಅಷ್ಟೇ. ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ಬೇಕರಿಯೊಂದರಲ್ಲಿ ಕಪ್ಪನೆಯ ರೈ ಬ್ರೆಡ್ ಕಂಡಾಗ, ಆ ಟಿಪ್ಪಣಿಯನ್ನು ನಾನೇ ಪೂರ್ತಿ ಮಾಡಿ ನೋಡೋಣ ಅನ್ನಿಸಿತು.

ಈಗ ಎಲ್ಲೆಡೆ ಸಿಗುವ ವಿಧಾನ ಸುಲಭದ್ದು. ಅರ್ಧ ಕಿಲೋ ರೈ ಬ್ರೆಡ್ಡನ್ನು ಹೋಳು ಮಾಡಿ ಓವನ್‌ನಲ್ಲಿ ಗರಿಗರಿಯಾಗಿ, ಅಂಚು ಕಪ್ಪಾಗುವವರೆಗೆ ಒಣಗಿಸಬೇಕು. ಅದರ ಮೇಲೆ ಮೂರು ಲೀಟರ್ ಕುದಿಯುವ ನೀರು ಸುರಿದು, ಉಗುರುಬೆಚ್ಚಗಾಗುವವರೆಗೆ ಬಿಟ್ಟು ಸೋಸಬೇಕು. 150 ಗ್ರಾಂ ಸಕ್ಕರೆ, ಒಂದು ಚಿಟಿಕೆ ಯೀಸ್ಟ್ ಹಾಕಿ, ಬಟ್ಟೆ ಕಟ್ಟಿ ಒಂದು ರಾತ್ರಿ ಇಡಬೇಕು. ಆಮೇಲೆ ಬಾಟಲಿಗೆ ತುಂಬಿ ನಾಲ್ಕಾರು ಒಣದ್ರಾಕ್ಷಿ ಹಾಕಿದರೆ ಮುಗಿಯಿತು.

ನಾನು ಮೊದಲ ಸಲ ಸಕ್ಕರೆ ಹಾಕಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಜೀತದ ಕಾಲದ ರಷ್ಯನ್ ರೈತನಿಗೆ ಸಕ್ಕರೆ ಎಲ್ಲಿತ್ತು? ಅವನು ಕುಡಿದದ್ದನ್ನೇ ನಾನೂ ಕುಡಿಯಬೇಕೆಂಬ ಹಟ. ಮೂರು ದಿನ ಕಳೆದರೂ ಭರಣಿಯಲ್ಲಿ ಒಂದು ಗುಳ್ಳೆ ಏಳಲಿಲ್ಲ. ನಾಲ್ಕನೆಯ ದಿನ ಮೇಲೆ ಬಿಳಿ ಪೊರೆ ಕಟ್ಟಿತು. ಮೂಗಿಗೆ ಹಿಡಿದು ನೋಡಿ ಸಿಂಕಿಗೆ ಸುರಿದೆ.

ತಪ್ಪಿದ್ದು ಎಲ್ಲಿ ಎಂದು ಹುಡುಕುತ್ತ ಹೋದಾಗ ಗೊತ್ತಾಯಿತು: ಹಳ್ಳಿಯ ಹಳೆಯ ಕ್ವಾಸ್‌ಗೆ ಸಕ್ಕರೆ ಬೇಕಿರಲಿಲ್ಲ ಎಂಬ ನನ್ನ ಊಹೆ ಸರಿಯೇ ಇತ್ತು. ಆದರೆ ಅದರ ಜೀವಾಳ ಒಣಬ್ರೆಡ್ ಆಗಿರಲಿಲ್ಲ, ಮೊಳಕೆ ಬರಿಸಿದ ರೈ ಆಗಿತ್ತು. ರಾಗಿ ಮಾಲ್ಟ್ ಕುಡಿದು ಬೆಳೆದ ನಮಗೆ ಇದನ್ನು ವಿವರಿಸಬೇಕಿಲ್ಲ. ಕಾಳು ಮೊಳಕೆಯೊಡೆದಾಗ ಅದರೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಹಾಗಾಗಿ ಮೊಳಕೆ ಹಿಟ್ಟಿಗೆ ತನ್ನದೇ ಸಿಹಿ. ರಷ್ಯನ್ ಮನೆಗಳಲ್ಲಿ ಮೊಳಕೆ ಹಿಟ್ಟನ್ನೂ ರೈ ಹಿಟ್ಟನ್ನೂ ಬಿಸಿನೀರಲ್ಲಿ ಕಲಸಿ, ‘ಪೆಚ್’ ಎಂಬ ದೊಡ್ಡ ಒಲೆಯ ಆರುವ ಶಾಖದಲ್ಲಿ ಇಡುತ್ತಿದ್ದರು. ಒಲೆ ನಿಧಾನವಾಗಿ ತಣಿಯುವಷ್ಟರಲ್ಲಿ ಪಿಷ್ಟ ಸಿಹಿಯಾಗಿರುತ್ತಿತ್ತು. ಹಿಂದಿನ ಸಲದ ಹುದುಗು ಬೆರೆತ ಮೇಲೆ ಯೀಸ್ಟ್ ಆ ಸಿಹಿಯನ್ನು ತಿಂದು ಗುಳ್ಳೆ ಎಬ್ಬಿಸುತ್ತಿತ್ತು, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಕೊಡುತ್ತಿತ್ತು. ಬ್ರೆಡ್ ಆದರೋ ಒಮ್ಮೆ ಬೆಂದದ್ದು. ಅದರ ಕಿಣ್ವಗಳು ಬೇಕರಿಯ ಒಲೆಯಲ್ಲೇ ಸತ್ತಿರುತ್ತವೆ. ಆ ಕೊರತೆ ತುಂಬಲು ಬಂದದ್ದೇ ಸಕ್ಕರೆ.

ಹಾಗಾದರೆ ಸಕ್ಕರೆ ಬಂದದ್ದು ಯಾವಾಗ? ರಷ್ಯನ್ನರಿಗೆ ಬಹುಕಾಲ ಸಿಹಿಯೆಂದರೆ ಜೇನು. ಕಬ್ಬಿನ ಸಕ್ಕರೆ ಹೊರಗಿನಿಂದ ಬರುತ್ತಿದ್ದ, ಸಿರಿವಂತರ ಸರಕು. 19ನೇ ಶತಮಾನದಲ್ಲಿ ಬೀಟ್‌ರೂಟ್ ಜಾತಿಯ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಗಳು ಸಾಮ್ರಾಜ್ಯದಲ್ಲಿ, ಅದರಲ್ಲೂ ಉಕ್ರೇನಿನಲ್ಲಿ, ಬೆಳೆದ ಮೇಲಷ್ಟೇ ಅದು ಸಾಮಾನ್ಯರ ಕೈಗೆಟುಕತೊಡಗಿತು. ಅಂದಮೇಲೆ ‘ಸಾಂಪ್ರದಾಯಿಕ’ ಎಂಬ ಹಣೆಪಟ್ಟಿ ಹೊತ್ತ, 150 ಗ್ರಾಂ ಸಕ್ಕರೆ ಬೇಡುವ ಈ ವಿಧಾನಕ್ಕೆ ಅಂಥ ವಯಸ್ಸೇನೂ ಆಗಿರಲಾರದು. ಇದು ಮೊಳಕೆ ಬರಿಸಲು ಅಂಗಳವಿಲ್ಲದ, ಪೆಚ್ ಇಲ್ಲದ, ಬ್ರೆಡ್ಡನ್ನು ಅಂಗಡಿಯಿಂದ ತರುವ ಪೇಟೆ ಮನೆಯ ಉಪಾಯ.

ಪಾನೀಯ ಮಾತ್ರ ನಿಜಕ್ಕೂ ಹಳೆಯದು. 12ನೇ ಶತಮಾನದ ಆರಂಭದಲ್ಲಿ ಸಂಕಲನಗೊಂಡ ‘ಗತವರ್ಷಗಳ ಕಥನ’ ಎಂಬ ವೃತ್ತಾಂತದಲ್ಲಿ, ಕ್ರಿ.ಶ. 996ರ ದಾಖಲೆಯಡಿ ಅದರ ಹೆಸರಿದೆ. ಕ್ರೈಸ್ತಮತ ಸ್ವೀಕರಿಸಿದ್ದ ದೊರೆ ವ್ಲದೀಮಿರ್, ನಡೆದು ಬರಲಾರದ ಬಡವರಿಗೂ ರೋಗಿಗಳಿಗೂ ಬ್ರೆಡ್, ಮಾಂಸ, ಮೀನುಗಳ ಜೊತೆಗೆ ಪೀಪಾಯಿಗಳಲ್ಲಿ ಜೇನುಮದ್ಯವನ್ನೂ ಕ್ವಾಸನ್ನೂ ಗಾಡಿಯಲ್ಲಿ ಕಳಿಸಿದನಂತೆ. ಈ ಗಾಡಿಗಳು ಓಡಾಡಿದ್ದು ಮಾಸ್ಕೋದಲ್ಲಲ್ಲ, ಕೀವ್ ನಗರದಲ್ಲಿ. ಮಾಸ್ಕೋದ ಹೆಸರು ವೃತ್ತಾಂತಗಳಲ್ಲಿ ಮೊದಲು ಕಾಣುವುದು 1147ರಲ್ಲಿ. ಕ್ವಾಸ್ ಇಂದಿಗೂ ಉಕ್ರೇನ್, ಬೆಲಾರೂಸ್, ಪೋಲೆಂಡ್‌ಗಳಲ್ಲಿದೆ. ಲಿಥುವೇನಿಯಾದಲ್ಲಿ ಇದೇ ಪಾನೀಯದ ಹೆಸರು ‘ಗೀರಾ’. ಪದದ ಬೇರು ಇನ್ನೂ ದೂರಕ್ಕೆ ಹೋಗುತ್ತದೆ. ‘ಕುದಿ’ ಎಂಬರ್ಥದ ಸಂಸ್ಕೃತ ‘ಕ್ವಥ್’ ಧಾತು ಅದರ ನೆಂಟನೆಂದು ನಿರುಕ್ತಕಾರರು ಹೇಳುತ್ತಾರೆ. ಆಯುರ್ವೇದದ ಅಂಗಡಿಯಲ್ಲಿ ನಾವು ಕೇಳುವ ‘ಕ್ವಾಥ’ ಅದೇ ಧಾತುವಿನದು.

ಇಷ್ಟು ಮನೆಗಳಿಗೆ ಸೇರಿದ್ದನ್ನು ಒಂದೇ ಧ್ವಜಕ್ಕೆ ಕಟ್ಟುವ ಆಸೆಯೂ ಹೊಸದಲ್ಲ. 1827ರಲ್ಲಿ ಪುಶ್ಕಿನ್‌ನ ಗೆಳೆಯ, ಕವಿ ಪ್ಯೋತರ್ ವ್ಯಾಜೆಮ್‌ಸ್ಕಿ ‘ಮಾಸ್ಕೋ ಟೆಲಿಗ್ರಾಫ್’ ಪತ್ರಿಕೆಯಲ್ಲಿ ‘ಕ್ವಾಸ್ ದೇಶಪ್ರೇಮ’ ಎಂಬ ನುಡಿಗಟ್ಟನ್ನು ಚಲಾವಣೆಗೆ ತಂದ. ತನ್ನದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಕೊಂಡಾಡುವ ಚಾಳಿಗೆ ಅವನಿಟ್ಟ ಹೆಸರು ಅದು. ರಷ್ಯನ್ ಭಾಷೆಯಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ, ಬಳಸುವ ಸಂದರ್ಭಗಳಿಗೂ ಬರವಿಲ್ಲ. ಸೋವಿಯತ್ ಕಾಲದ ಬೇಸಿಗೆಯಲ್ಲಿ ಬೀದಿಬದಿಯ ಹಳದಿ ಟ್ಯಾಂಕುಗಳಿಂದ ಜನ ಸರತಿ ನಿಂತು ಕ್ವಾಸ್ ಕುಡಿದರು. 1974ರಲ್ಲಿ ನೊವೊರೊಸ್ಸೀಸ್ಕ್‌ನಲ್ಲಿ ಪೆಪ್ಸಿ ಕಾರ್ಖಾನೆ ಶುರುವಾಯಿತು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಕೋಲಾಗಳ ಮಹಾಪೂರ. ಅದಕ್ಕೆ ಉತ್ತರವಾಗಿ ಈ ಶತಮಾನದ ಮೊದಲ ದಶಕದಲ್ಲಿ ‘ನಿಕೋಲಾ’ ಎಂಬ ಬಾಟಲಿ ಕ್ವಾಸ್ ಮಾರುಕಟ್ಟೆಗೆ ಬಂತು. ಆ ಹೆಸರನ್ನು ‘ಕೋಲಾ ಅಲ್ಲ’ ಎಂದೂ ಕೇಳಿಸಿಕೊಳ್ಳಬಹುದು. ಕೋಲಾದ ಹಾಗೆಯೇ ಸಿಹಿ ಮಾಡಿ, ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಕೋಲಾ ವಿರುದ್ಧ ಸ್ವದೇಶಿ ಕೂಗು! ವ್ಯಾಜೆಮ್‌ಸ್ಕಿ ಇದ್ದಿದ್ದರೆ ನಕ್ಕುಬಿಡುತ್ತಿದ್ದ.

ಹಾಗೆ ನಗುವ ಹಕ್ಕು ನನಗಿದೆಯೇ ಎಂಬುದು ಬೇರೆ ಪ್ರಶ್ನೆ. ಸಕ್ಕರೆ ಬೇಡವೆಂದು ಹಟ ಹಿಡಿದಾಗ ನಾನು ಮಾಡಿದ್ದೂ ಅದನ್ನೇ. ‘ಅಪ್ಪಟ’ವಾದದ್ದೊಂದು ಹಿಂದೆಲ್ಲೋ ಇದೆ, ಹೊಸದನ್ನು ಕಿತ್ತೆಸೆದರೆ ಅದು ತಾನಾಗಿ ಸಿಗುತ್ತದೆ ಎಂದು ನಂಬಿದ್ದೆ. ಹಳೆಯ ರೈತನ ಕ್ವಾಸ್‌ನಿಂದ ಸಕ್ಕರೆಯೊಂದೇ ಅಲ್ಲ, ಒಲೆ, ಮೊಳಕೆ, ಹುದುಗು, ಕೈಯ ಅಂದಾಜು ಎಲ್ಲವೂ ನನ್ನಿಂದ ದೂರವಿದ್ದವು. ಅವನ್ನು ಕಳೆದುಕೊಂಡವರು ಸಕ್ಕರೆ ಹಾಕಿ ದಾರಿ ಕಂಡುಕೊಂಡಿದ್ದರು. ನಾನು ಕಳೆದದ್ದನ್ನು ತರಲೂ ಇಲ್ಲ, ಕಂಡುಕೊಂಡದ್ದನ್ನು ಒಪ್ಪಲೂ ಇಲ್ಲ.

ಎರಡನೆಯ ಸಲ ಸಕ್ಕರೆ ಅಳೆದು ಹಾಕಿದೆ. ಬೆಂಗಳೂರಿನ ಏಪ್ರಿಲ್ ಸೆಕೆಗೆ ಬೆಳಗಾಗುವಷ್ಟರಲ್ಲಿ ಭರಣಿಯ ಮೇಲೆ ನೊರೆ ಕಟ್ಟಿತ್ತು. ಬಾಟಲಿಯ ತಳದಲ್ಲಿದ್ದ ಒಣದ್ರಾಕ್ಷಿಗಳು ಸಂಜೆಗೆ ಗುಳ್ಳೆ ಹೊತ್ತು ಒಂದೊಂದಾಗಿ ಮೇಲೆ ತೇಲಿದವು. ಆಯಿತೆಂಬುದಕ್ಕೆ ಅದೇ ಗುರುತು. ಕೂಡಲೇ ಫ್ರಿಜ್‌ಗೆ ಸೇರಿಸಬೇಕು, ಇಲ್ಲದಿದ್ದರೆ ಬಾಟಲಿ ಸಿಡಿದೀತು. ಮರುದಿನ ಲೋಟಕ್ಕೆ ಬಗ್ಗಿಸಿಕೊಂಡೆ. ಕಂದು ಬಣ್ಣ, ಸುಟ್ಟ ಬ್ರೆಡ್ಡಿನ ಪರಿಮಳ, ನಾಲಿಗೆಯ ಅಂಚಿಗೆ ಹುಳಿ, ಹಿಂದೆಯೇ ತುಸು ಸಿಹಿ. 996ರ ಕೀವ್‌ನ ರುಚಿ ಇದಲ್ಲ. ಒಣಗಿದ ಬ್ರೆಡ್ಡನ್ನು ಬಿಸಾಡಲು ಮನಸ್ಸಿಲ್ಲದ ಯಾವುದೋ ಪೇಟೆ ಮನೆಯ ರುಚಿ. ಬಾಲ್ಯದ ಆ ಅಡಿಟಿಪ್ಪಣಿ ತಪ್ಪೇನೂ ಹೇಳಿರಲಿಲ್ಲ: ಒಂದು ಬಗೆಯ ಹುಳಿ ಪಾನೀಯ. ಹಲವು ಬಗೆಗಳಲ್ಲಿ ಒಂದು.